ಕ್ಯಾರವಾನ್ ತಳ್ಳೋಕೆ ಕೈ ಡಾಲಿ ಸಾಕಾ? ಬಳಸಿದವರು ಹೇಳಿ

ಹಿತ್ತಲ ಕ್ಯಾರವಾನ್
ಎಲ್ಲರಿಗೂ ನಮಸ್ಕಾರ. ನಮ್ಮದು ಕಾರಿನ ಹಿಂದೆ ಕಟ್ಟಿ ಎಳೆಯುವ, ಒಂದೇ ಆಕ್ಸಲ್‌ನ ಕ್ಯಾರವಾನ್. ಸಾಮಾನು ತುಂಬಿದಾಗ 1200 ಕೆಜಿ. ಮನೆ ಪಕ್ಕದ ಸಂದಿಯಲ್ಲಿ ನಿಲ್ಲಿಸಬೇಕು ಅಂತ ಯೋಚನೆ. ಗೇಟು ದಾಟಿದ ಮೇಲೆ ಒಂದಿಷ್ಟು ಕಾಂಕ್ರೀಟ್ ನೆಲ ಇದೆ. ಅಲ್ಲಿಂದ ಬಲಕ್ಕೆ ಪೂರ್ತಿ ತಿರುಗಬೇಕು, ಆಮೇಲೆ ಜಲ್ಲಿ ಹಾಸಿದ ಸಂದಿ. ಕಾರಿಗೆ ಕಟ್ಟಿಕೊಂಡು ಆ ತಿರುವು ಹೊಡೆಯೋಕೆ ಜಾಗ ಸಾಲದು.

ಎರಡು ಚಕ್ರದ ಕೈ ಡಾಲಿ ಒಂದು ನೋಡಿದ್ದೇನೆ. ಉದ್ದ ಹಿಡಿ, ಮೇಲೆ ಬಾಲ್, ಗಾಳಿ ತುಂಬುವ ಟೈರು. 270 ಕೆಜಿ ತಡೆಯುತ್ತೆ ಅಂತ ಅದರ ಮೇಲೆ ಬರೆದಿದೆ. ತಳ್ಳೋಕೆ ನಾವು ಇಬ್ಬರು. ಇದು ಸಾಕಾಗುತ್ತಾ? ಇಲ್ಲಾ ಬ್ಯಾಟರಿ ಡಾಲಿಗೇ ಹೋಗಬೇಕಾ?

ಗಾಲಿ ಗೆಳೆಯ
ಸಾಕು. ನನ್ನ ಸಾಮಾನು ಸಾಗಿಸುವ ಟ್ರೇಲರ್‌ಗೆ ಅದೇ ಥರದ್ದು ಇಟ್ಟುಕೊಂಡಿದ್ದೇನೆ. ಮೂತಿ, ಅಂದರೆ ಕಾರಿಗೆ ಕಟ್ಟುವ ಮುಂತುದಿ, ಎತ್ತಿ ಡಾಲಿ ಮೇಲೆ ಕೂರಿಸಿದರೆ ಒಬ್ಬನೇ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಸುಮ್ನೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ರಸಮಟ್ಟ
ಗೆಳೆಯರೇ, ನಿಮ್ಮ ಟ್ರೇಲರ್ ಎಷ್ಟು ತೂಕ? ಖಾಲಿ ಇದ್ದಾಗ 300 ಕೆಜಿ ಇದ್ದೀತು. ಇವರದ್ದು 1200. ಎರಡಕ್ಕೂ ಒಂದೇ ಉತ್ತರ ಹೇಳೋಕೆ ಆಗಲ್ಲ.

ಡಾಲಿ ಮಾಡುವ ಕೆಲಸ ಎರಡೇ. ಮೂತಿ ಭಾರ ಹೊರುತ್ತದೆ. ದಿಕ್ಕು ತಿರುಗಿಸೋಕೆ ಹಿಡಿ ಕೊಡುತ್ತದೆ. ತಳ್ಳುವ ಕೆಲಸ ನಿಮ್ಮದೇ, ನಿಲ್ಲಿಸುವ ಕೆಲಸವೂ ನಿಮ್ಮದೇ. ಆ 270 ಕೆಜಿ ಅನ್ನೋದು ಕಪ್ಲಿಂಗ್ (ಮೂತಿಯ ತುದಿಯಲ್ಲಿ ಬಾಲ್ ಮೇಲೆ ಕೂರುವ ಕೊಂಡಿ) ಮೇಲೆ ಬೀಳುವ ಭಾರದ ಲೆಕ್ಕ, ಗಾಡಿಯ ಒಟ್ಟು ತೂಕದ್ದಲ್ಲ. ನಿಮ್ಮ ಕ್ಯಾರವಾನ್‌ನ ಮೂತಿ ಭಾರ 80-100 ಕೆಜಿ ಇರಬಹುದು. ಹಾಗಾಗಿ ಡಾಲಿ ಮುರಿಯಲ್ಲ. ಅದರ ಬಗ್ಗೆ ಚಿಂತೆ ಬೇಡ. ಚಿಂತೆ ಇರುವುದು ಬೇರೆ ಕಡೆ.

ಸಮತಟ್ಟು ಕಾಂಕ್ರೀಟಿನ ಮೇಲೆ ಗಾಳಿ ಸರಿಯಾಗಿರುವ ಟೈರು ಉರುಳೋಕೆ ಗಾಡಿ ತೂಕದ ನೂರಕ್ಕೆ ಒಂದರಿಂದ ಎರಡು ಭಾಗದಷ್ಟು ಬಲ ಬೇಕು. 1200 ಕೆಜಿಗೆ ಸುಮಾರು 18 ಕೆಜಿ ಅಂತ ಇಟ್ಟುಕೊಳ್ಳಿ. ನಿಂತಿದ್ದನ್ನು ಹೊರಡಿಸೋಕೆ ಇನ್ನೂ ಜಾಸ್ತಿ. ಜಲ್ಲಿ ಮೇಲೆ ಇದು ಎರಡು ಮೂರು ಪಟ್ಟು ಆಗುತ್ತದೆ. ಮೆತ್ತಗಿನ ಹುಲ್ಲು ನೆಲದಲ್ಲಿ 100 ಕೆಜಿ ಮುಟ್ಟಿದರೂ ಆಶ್ಚರ್ಯ ಇಲ್ಲ.

ಮನುಷ್ಯ ಎಷ್ಟು ತಳ್ಳಬಹುದು? ಬ್ರಿಟನ್ನಿನ ಕೆಲಸದ ಸುರಕ್ಷತೆ ನೋಡುವ ಎಚ್‌ಎಸ್‌ಇ ಒಂದು ಅಂದಾಜು ಕೊಟ್ಟಿದೆ. ಹೊರಡಿಸೋಕೆ ಅಥವಾ ನಿಲ್ಲಿಸೋಕೆ ಗಂಡಸರಿಗೆ 20 ಕೆಜಿ, ಹೆಂಗಸರಿಗೆ 15. ಓಡುತ್ತಾ ಇಡೋಕೆ 10 ಮತ್ತು 7. ಇದು ಬೆನ್ನು ಉಳಿಸಿಕೊಳ್ಳುವ ಲೆಕ್ಕ. ಉಸಿರು ಕಟ್ಟಿ ತಳ್ಳಿದರೆ ಇದಕ್ಕಿಂತ ಜಾಸ್ತಿ ಬರುತ್ತೆ, ಆಮೇಲೆ ಎರಡು ದಿನ ಎದ್ದೇಳೋಕೆ ಆಗಲ್ಲ ಅಷ್ಟೇ.

ಅಂದರೆ ಸಮತಟ್ಟು ಕಾಂಕ್ರೀಟಿನಲ್ಲಿ ಇಬ್ಬರಿಗೆ ಇದು ಆಗುವ ಕೆಲಸ. ಈಗ ನಾನು ಕೇಳಬೇಕಾದ್ದು ಒಂದೇ. ನಿಮ್ಮ ನೆಲಕ್ಕೆ ವಾಟ ಎಷ್ಟಿದೆ?

ಹಿತ್ತಲ ಕ್ಯಾರವಾನ್
ಕಣ್ಣಿಗೆ ಸಮವಾಗೇ ಕಾಣುತ್ತೆ ಸರ್. ಗೇಟಿನ ಹತ್ತಿರ ನೀರು ರಸ್ತೆಗೆ ಹರಿಯಲಿ ಅಂತ ಸ್ವಲ್ಪ ಇಳಿಸಿದ್ದಾರೆ. ಅದೇನು ಜಾಸ್ತಿ ಇಲ್ಲ.

ರಸಮಟ್ಟ
ಆ "ಸ್ವಲ್ಪ"ವನ್ನೇ ಅಳೆಯಬೇಕು. ಒಂದು ಮೀಟರ್ ಉದ್ದದ ನೆಟ್ಟಗಿರುವ ಪಟ್ಟಿ ತಗೊಳ್ಳಿ. ಅದರ ಮೇಲೆ ರಸಮಟ್ಟ ಇಡಿ. ಒಂದು ತುದಿ ನೆಲದ ಮೇಲೇ ಇರಲಿ. ಇನ್ನೊಂದು ತುದಿಯನ್ನು ಗುಳ್ಳೆ ನಡುವಿಗೆ ಬರುವ ತನಕ ಎತ್ತಿ. ಆ ತುದಿಯ ಕೆಳಗೆ ಎಷ್ಟು ಸೆಂಟಿಮೀಟರ್ ಸಂದು ಬಂತೋ ಅಷ್ಟೇ ಶೇಕಡಾ ವಾಟ. ಗಾಡಿ ತೂಕಕ್ಕೆ ಆ ಶೇಕಡಾ ಹಾಕಿ. ಏರಿಗೆ ತಳ್ಳುವಾಗ ಉರುಳೋ ಬಲದ ಮೇಲೆ ಅಷ್ಟು ಸೇರಿಸಬೇಕು.

ಗೇಟಿನಲ್ಲಿ, ಕಾಂಕ್ರೀಟಿನ ನಡುವೆ, ಸಂದಿಯಲ್ಲಿ, ಮೂರೂ ಕಡೆ ನೋಡಿ. ಉದ್ದಕ್ಕೂ ನೋಡಿ, ಅಡ್ಡಕ್ಕೂ ನೋಡಿ.

ಬೋಲ್ಟ್ ನಟ್
ಅವರು ಅಳೆದು ಬರುವ ತನಕ ನಾನು ಡಾಲಿ ಬಗ್ಗೆ ಎರಡು ಮಾತು ಹೇಳ್ತೀನಿ. ನಮ್ಮ ವರ್ಕ್‌ಶಾಪಿಗೆ ಟ್ರೇಲರ್‌ಗಳು ಬರುತ್ತಾ ಇರ್ತವೆ. ಒಳಗೆ ಹೊರಗೆ ಸರಿಸೋದೆಲ್ಲ ಡಾಲಿಯಲ್ಲೇ.

ಎರಡು ಚಕ್ರದ ಡಾಲಿಯಲ್ಲಿ ಬಾಲ್ ಎಲ್ಲಿದೆ ಅನ್ನೋದನ್ನು ಮೊದಲು ನೋಡಿ. ಅದು ಆಕ್ಸಲ್‌ನ ನೇರ ಮೇಲೆ ಇದ್ದರೆ ಭಾರ ಪೂರ್ತಿ ಚಕ್ರಕ್ಕೆ ಹೋಗುತ್ತದೆ, ನಿಮ್ಮ ಕೈಗೆ ಹಿಡಿ ಹಗುರ. ಬಾಲ್ ನಿಮ್ಮ ಕಡೆಗೆ ಸರಿದಿದ್ದರೆ ಹಿಡಿ ಕೆಳಗೆ ಜಗ್ಗುತ್ತದೆ. ಆ ಕಡೆಗೆ ಸರಿದಿದ್ದರೆ ಹಿಡಿ ಮೇಲಕ್ಕೆ ಏಳುತ್ತದೆ, ಇದು ಅಪಾಯ. ಲೆಕ್ಕ ಹಾಕಿ ನೋಡಿ. ಮೂತಿ ಭಾರ 100 ಕೆಜಿ, ಬಾಲ್ 10 ಸೆಂ.ಮೀ. ಆಚೆ, ಹಿಡಿ 1 ಮೀಟರ್. ಕೈಗೆ ಬರುವ ಒತ್ತಡ 10 ಕೆಜಿ. ಅದು ತಡೆಯಬಹುದು. ಆದರೆ ಚಕ್ರ ಒಂದು ಕಲ್ಲಿಗೆ ತಾಗಿ ನಿಂತು ಗಾಡಿ ಮಾತ್ರ ಮುಂದೆ ನುಗ್ಗಿದಾಗ ಹಿಡಿ ದಡಕ್ಕನೆ ಎದ್ದು ಗಲ್ಲಕ್ಕೆ ಬಡಿಯುತ್ತದೆ. ಹಿಡಿಯ ಮೇಲೆ ಮುಖ ಬಾಗಿಸಿಕೊಂಡು ತಳ್ಳಲೇಬೇಡಿ.

ಹಿಡಿ ಒತ್ತಿದರೆ ಮೂತಿ ಎತ್ತುವ ಡಾಲಿಗಳೂ ಇವೆ. ಅದರಲ್ಲಿ ಹಿಡಿ ಪೂರ್ತಿ ಕೆಳಗೆ ಬಂದು ಕೊಂಡಿ ಬೀಳುವ ತನಕ ಕೈ ಬಿಡೋ ಹಾಗಿಲ್ಲ. ನನ್ನನ್ನು ಕೇಳಿದರೆ ಎತ್ತುವ ಕೆಲಸ ಜಾಕಿ ವೀಲ್ (ಮೂತಿಯಲ್ಲೇ ಇರುವ, ಹಿಡಿ ತಿರುಗಿಸಿ ಏರಿಸಿ ಇಳಿಸುವ ಚಿಕ್ಕ ಚಕ್ರ) ಮಾಡಲಿ. ಜಾಕಿ ವೀಲ್ ತಿರುಗಿಸಿ ಮೂತಿ ಎತ್ತಿ, ಡಾಲಿಯನ್ನು ಕೆಳಗೆ ತಂದು ನಿಲ್ಲಿಸಿ, ಮತ್ತೆ ತಿರುಗಿಸಿ ಕಪ್ಲಿಂಗ್ ಅನ್ನು ಬಾಲ್ ಮೇಲೆ ಇಳಿಸಿ. "ಟಕ್" ಅನ್ನಬೇಕು. ಆಮೇಲೆ ಜಾಕಿ ಹಿಡಿಯನ್ನು ಒಂದೆರಡು ಸುತ್ತು ಉಲ್ಟಾ ತಿರುಗಿಸಿ ಮೂತಿಯನ್ನು ಎತ್ತಿ ನೋಡಿ. ಕಪ್ಲಿಂಗ್ ಜೊತೆಗೆ ಡಾಲಿ ಚಕ್ರವೂ ನೆಲ ಬಿಟ್ಟು ಎದ್ದರೆ ಲಾಕ್ ಆಗಿದೆ.

ಕೆಲವರು ಎರಡು ನಿಮಿಷದ ಕೆಲಸ ಅಂತ ಲಾಕ್ ಹಾಕದೇ ಸುಮ್ನೆ ಕೂರಿಸಿಕೊಂಡು ತಳ್ಳುತ್ತಾರೆ. ನೆಲದಲ್ಲಿ ಒಂದು ಜೋಡಣೆಯ ಗೆರೆ ಬಂದರೂ ಸಾಕು, ಕಪ್ಲಿಂಗ್ ಹಾರಿ ಮೂತಿ ನೆಲಕ್ಕೆ ಬಡಿಯುತ್ತೆ.

ಇನ್ನೊಂದು. ಡಾಲಿ ಹಾಕಿದ ಮೇಲೆ ಜಾಕಿ ವೀಲನ್ನು ಪೂರ್ತಿ ಮೇಲೆ ಎಳೆಯಬೇಡಿ. ನೆಲದಿಂದ ಮೂರು ನಾಲ್ಕು ಸೆಂ.ಮೀ. ಮೇಲೆ ಇರಲಿ. ಏನಾದರೂ ಜಾರಿದರೂ ಮೂತಿ ಅಷ್ಟೇ ಬೀಳುತ್ತದೆ, ಕಾಲು ಉಳಿಯುತ್ತದೆ.

ಸುಮ್ನೆ ಓದುಗ
ಜಾಕಿ ವೀಲ್ ಇದ್ದೇ ಇದೆಯಲ್ಲ, ಅದರಲ್ಲೇ ತಳ್ಳಿದರೆ ಆಗಲ್ವಾ? ಇನ್ನೊಂದು ಡಾಲಿ ಯಾಕೆ?

ಬೋಲ್ಟ್ ನಟ್
ನುಣುಪು ಕಾಂಕ್ರೀಟ್ ಆದರೆ ಆಗುತ್ತೆ. ಜಾಕಿ ವೀಲನ್ನು ಆದಷ್ಟು ಕೆಳಗೆ, ಕೊಳವೆ ಹೊರಗೆ ಕಮ್ಮಿ ಬರೋ ಹಾಗೆ ಇಟ್ಟುಕೊಂಡು ತಳ್ಳಿ. ಅದರ ಚಕ್ರ ಚಿಕ್ಕದು, ಗಟ್ಟಿ ರಬ್ಬರಿನದ್ದು. ಜಲ್ಲಿಗೆ ಇಳಿದರೆ ಸೀದಾ ಹೂತುಕೊಳ್ಳುತ್ತದೆ. ಹೂತ ಮೇಲೆ ಪಕ್ಕಕ್ಕೆ ತಿರುಗಿಸೋಕೆ ಹೋದರೆ ಕೊಳವೆ ಬಾಗುತ್ತದೆ. ಬಾಗಿದ ಕೊಳವೆ ಮತ್ತೆ ಒಳಗೆ ಹೋಗಲ್ಲ, ಹೊರಗೂ ಬರಲ್ಲ. ನಮ್ಮಲ್ಲಿಗೆ ಇಂಥವು ಬರುತ್ತಲೇ ಇರುತ್ತವೆ. ಜಾಕಿ ವೀಲ್ ಇರೋದು ಎತ್ತಿ ಇಳಿಸೋಕೆ. ನಾಲ್ಕು ಹೆಜ್ಜೆ ಸರಿಸೋಕೆ ಓಕೆ. ಸಂದಿಯೊಳಗೆ ಒಯ್ಯೋಕೆ ಅದು ಸರಿ ಹೋಗಲ್ಲ.

ಹಿತ್ತಲ ಕ್ಯಾರವಾನ್
ಅಳೆದೆ. ಕಾಂಕ್ರೀಟಿನ ನಡುವೆ ಅರ್ಧ ಸೆಂ.ಮೀ. ಸಂದಿಯಲ್ಲಿ ಜಲ್ಲಿ ಏರುಪೇರು ಇರೋದರಿಂದ ಸರಿಯಾಗಿ ಸಿಗಲಿಲ್ಲ, ಆದರೆ ಸಮವೇ ಅನ್ನಬಹುದು. ಗೇಟಿನ ಹತ್ತಿರ ಮಾತ್ರ 3 ಸೆಂ.ಮೀ. ಬಂತು! ರಸ್ತೆಯಿಂದ ಒಳಕ್ಕೆ ಏರು. ಕಣ್ಣಿಗೆ ಇಷ್ಟು ಕಾಣಲ್ಲ.

ರಸಮಟ್ಟ
ಅದೇ ನೋಡಿ. 1200ಕ್ಕೆ ಶೇ. 3 ಅಂದರೆ 36 ಕೆಜಿ. ಉರುಳೋಕೆ 18. ಒಟ್ಟು 54 ಕೆಜಿ ಬಲವನ್ನು ಬಿಡದೇ ಕೊಡುತ್ತಾ ಇರಬೇಕು. ಇಬ್ಬರಿಗೆ ಜಾಸ್ತಿಯೇ ಆಯಿತು.

ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಉರುಳೋಕೆ ಬೇಕಾದ ಬಲ ಶೇ. 1.5, ವಾಟ ಶೇ. 3. ವಾಟವೇ ಜಾಸ್ತಿ. ಅಂದರೆ ಕೈಬಿಟ್ಟರೆ ಕ್ಯಾರವಾನ್ ತಾನಾಗೇ ರಸ್ತೆ ಕಡೆ ಹೊರಡುತ್ತದೆ. ನೀವು ಹಿಂಭಾಗ ಮುಂದೆ ಮಾಡಿ ಒಳಗೆ ತಳ್ಳುತ್ತಿದ್ದೀರಿ, ಡಾಲಿ ಹಿಡಿದವರು ಮೂತಿಯ ಹತ್ತಿರ, ಅಂದರೆ ಇಳಿಜಾರಿನ ಕಡೆ ನಿಂತಿದ್ದೀರಿ. ಗಾಡಿ ಹೊರಟರೆ ದಾರಿಯಲ್ಲಿ ಮೊದಲು ಸಿಗೋದು ನೀವೇ.

ನಡಿಗೆಯ ವೇಗ ಸೆಕೆಂಡಿಗೆ ಒಂದು ಮೀಟರ್ ಅಂತ ಇಟ್ಟುಕೊಳ್ಳಿ. ಆ ವೇಗದಲ್ಲಿ ಬರುವ 1200 ಕೆಜಿಯನ್ನು 30 ಸೆಂ.ಮೀ. ಒಳಗೆ ನಿಲ್ಲಿಸೋಕೆ ಸುಮಾರು 200 ಕೆಜಿ ಬಲ ಬೇಕು. ಕಾಲು ಅಡ್ಡ ಕೊಟ್ಟು ನಿಲ್ಲಿಸ್ತೀನಿ ಅನ್ನುವವರು ಇದನ್ನು ಒಂದು ಸಲ ಓದಲಿ.

ಗಾಲಿ ಗೆಳೆಯ
ಸರಿ ಸರ್, ಒಪ್ಪಿದೆ. ಆದರೆ ನಾಲ್ಕು ಜನ ಸ್ನೇಹಿತರನ್ನು ಕರೆದರೆ 54 ಕೆಜಿ ಏನು ಮಹಾ? ಎಲ್ಲರೂ ಸೇರಿ ಒಂದೇ ದಮ್ಮಿಗೆ ತಳ್ಳಿದರೆ ಆಯ್ತಲ್ಲ.

ಗ್ಯಾರೇಜ್ ಅಕ್ಕ
ಜನ ಜಾಸ್ತಿ ಆದರೆ ತಳ್ಳುವ ಬಲ ಜಾಸ್ತಿ ಆಗುತ್ತೆ ನಿಜ. ಗಲಾಟೆಯೂ ಅಷ್ಟೇ ಜಾಸ್ತಿ ಆಗುತ್ತೆ. ಒಬ್ಬ "ತಳ್ಳು" ಅಂತಾನೆ, ಇನ್ನೊಬ್ಬ "ನಿಲ್ಲು ನಿಲ್ಲು" ಅಂತಾನೆ, ಮೂರನೆಯವನು ಫೋನಿನಲ್ಲಿ ಇರ್ತಾನೆ. ಹಿಂದೆ ಗೋಡೆಗೂ ಕ್ಯಾರವಾನ್‌ಗೂ ನಡುವೆ ಯಾರಿದ್ದಾರೆ ಅನ್ನೋದು ಮುಂದೆ ತಳ್ಳುವವರಿಗೆ ಕಾಣಲ್ಲ.

ನಮ್ಮಲ್ಲಿ ಒಂದೇ ನಿಯಮ. ದನಿ ಒಬ್ಬರದ್ದೇ. ಆ ಒಬ್ಬರು ತಳ್ಳಲ್ಲ. ಹಿಂದಿನ ಮೂಲೆ ಕಾಣುವ ಜಾಗದಲ್ಲಿ ಪಕ್ಕಕ್ಕೆ ನಿಲ್ತಾರೆ. ಗೋಡೆ ಮತ್ತು ಗಾಡಿ ನಡುವೆ ಯಾರೂ ಹೋಗಲ್ಲ, ಒಂದು ಸೆಕೆಂಡಿಗೂ. ಇನ್ನೊಬ್ಬರ ಕೆಲಸ ಬರೀ ಬೆಣೆ. ಮರದ ಬೆಣೆಗೆ ಉದ್ದ ಹಗ್ಗ ಅಥವಾ ಕೋಲು ಕಟ್ಟಿಕೊಂಡು, ಚಕ್ರದ ಇಳಿಜಾರಿನ ಬದಿಗೆ ಅದನ್ನು ಎಳೆದುಕೊಂಡು ಬರ್ತಾ ಇರೋದು. ಬಗ್ಗಿ ಕೈಯಲ್ಲಿ ಇಡಬಾರದು. ಗಾಡಿ ಹಿಂದೆ ಬಂದರೆ ಚಕ್ರ ತಾನಾಗೇ ಬೆಣೆ ಮೇಲೆ ಹತ್ತಿ ನಿಲ್ಲುತ್ತದೆ.

ಮತ್ತೆ ಎಲ್ಲಿ ಕೈ ಇಟ್ಟು ತಳ್ಳುತ್ತೀರಿ ನೋಡಿಕೊಳ್ಳಿ. ಕ್ಯಾರವಾನ್‌ನ ಪಕ್ಕದ ಹಾಳೆ ತೆಳ್ಳಗಿರುತ್ತೆ. ನಡುವೆ ಅಂಗೈ ಒತ್ತಿದರೆ ತಗ್ಗು ಬೀಳುತ್ತೆ, ಫೈಬರ್ ಆದರೆ ಬಿರುಕು. ಮೂಲೆಯ ಹಿಡಿಗಳನ್ನು ಹಿಡಿದು ತಳ್ಳಿ, ಇಲ್ಲಾ ಚಾಸಿಯನ್ನು.

ತೆರೆದ ಟ್ರೇಲರ್ ಆಗಿ ಚಕ್ರ ಕೈಗೆ ಸಿಗೋ ಹಾಗಿದ್ದರೆ ಟೈರಿನ ಮೇಲ್ತುದಿ ಹಿಡಿದು ಉರುಳಿಸಿ. ಅಲ್ಲಿ ಕೊಟ್ಟ ಬಲ ಗಾಡಿಗೆ ದುಪ್ಪಟ್ಟಾಗಿ ಸಿಗುತ್ತೆ. ಮಡ್‌ಗಾರ್ಡ್ ಇದ್ದರೆ ಮಾತ್ರ ಬೇಡ, ಬೆರಳು ಒಳಗೆ ಹೋಗುತ್ತೆ.

ದೋಣಿ ಟ್ರೇಲರ್
ವಾಟಕ್ಕೆ ನಾನು ಕೈ ವಿಂಚ್ ಬಳಸುತ್ತೇನೆ, ಹಿಡಿ ತಿರುಗಿಸಿ ಹಗ್ಗ ಸುತ್ತಿ ಎಳೆಯುವಂಥದ್ದು. ದೋಣಿ ಎಳೆಯೋಕೆ ಇದ್ದದ್ದೇ. ಮೇಲೆ ಗಟ್ಟಿ ಕಂಬಕ್ಕೆ ಕಟ್ಟಿ, ಚಾಸಿಗೆ ಕೊಕ್ಕೆ ಹಾಕಿ ನಿಧಾನಕ್ಕೆ ಸುತ್ತೋದು. ಒಬ್ಬರೇ ಸಾಕು.

ಬೋಲ್ಟ್ ನಟ್
ವಿಂಚ್ ಒಳ್ಳೇದೇ, ಆದರೆ ಯಾವ ವಿಂಚ್ ನೋಡಬೇಕು. ದೋಣಿ ಟ್ರೇಲರ್‌ಗೆ ಬರುವ ಸಾದಾ ವಿಂಚ್‌ನಲ್ಲಿ ಬರೀ ಹಲ್ಲುಗಾಲಿ ಮತ್ತು ತಡೆ ಇರುತ್ತದೆ. ಎಳೆಯುವಾಗ ಸರಿ. ಇಳಿಸುವಾಗ ತಡೆ ಎತ್ತಿದ ತಕ್ಷಣ ಪೂರ್ತಿ ಭಾರ ಹಿಡಿಗೆ ಬರುತ್ತದೆ. ಕೈ ತಪ್ಪಿದರೆ ಹಿಡಿ ಗರಗರ ತಿರುಗಿ ಮಣಿಕಟ್ಟು ಮುರಿಯುತ್ತದೆ. ಇಳಿಜಾರಿಗೆ ಬ್ರೇಕ್ ಇರುವ ವಿಂಚೇ ಬೇಕು. ಅದರಲ್ಲಿ ಹಿಡಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ, ಇಳಿಸೋಕೂ ಹಿಡಿ ತಿರುಗಿಸಲೇಬೇಕು. ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು ಅಂತ ನಿಮಗೆ ಹೇಳಬೇಕಾಗಿಲ್ಲ.

ದೋಣಿ ಟ್ರೇಲರ್
ಹೌದು, ನನ್ನದು ಬ್ರೇಕ್ ಇರೋದೇ.

ದೋಣಿಯವರಿಗೆ ಒಂದು ಮಾತು. ನಮ್ಮ ಮೂತಿ ಭಾರ ಒಂದೇ ಥರ ಇರಲ್ಲ. ಔಟ್‌ಬೋರ್ಡ್ ಮೋಟಾರು ಹಿಂದೆ, ಪೆಟ್ರೋಲ್ ಟ್ಯಾಂಕು ಹಿಂದೆ. ಮುಂದಿನ ಸಾಮಾನು ಇಳಿಸಿದರೆ ಮೂತಿ ಹಗುರವಾಗಿ ಏಳೋಕೆ ನೋಡುತ್ತೆ. ಎತ್ತಿನ ಗಾಡಿಗೆ ಹಿಂದೆ ಭಾರ ಜಾಸ್ತಿ ಹಾಕಿದರೆ ಮೂಕಿ ಮೇಲೇಳುತ್ತಲ್ಲ, ಹಾಗೇ. ಡಾಲಿ ಲಾಕ್ ಆಗಿದ್ದರೆ ಡಾಲಿ ಸಮೇತ ಎದ್ದುಬಿಡುತ್ತೆ.

ರಸಮಟ್ಟ
ಇದು ಕ್ಯಾರವಾನ್‌ಗೂ ಅನ್ವಯ. ಒಂದೇ ಆಕ್ಸಲ್ ಇದ್ದು, ಮೂಲೆಯ ಆನಿಕೆ ಕಾಲುಗಳು ಮೇಲೆ ಇದ್ದಾಗ, ಹಿಂಭಾಗಕ್ಕೆ ಒಬ್ಬರು ಹತ್ತಿದರೂ ಮೂತಿ ಏಳಬಹುದು. ಸರಿಸುವಾಗ ಒಳಗೆ ಯಾರೂ ಇರಬಾರದು. ಮಕ್ಕಳಂತೂ ಇರಲೇಬಾರದು.

ಮೂತಿ ಭಾರ ನೋಡೋಕೆ ಮನೆಯಲ್ಲಿ ಮೈ ತೂಕ ನೋಡುವ ತಕ್ಕಡಿ ಸಾಕು. ಸಮ ನೆಲದಲ್ಲಿ ಚಕ್ರಕ್ಕೆ ಬೆಣೆ ಕೊಟ್ಟು, ತಕ್ಕಡಿ ಮೇಲೆ ಒಂದು ಹಲಗೆ, ಅದರ ಮೇಲೆ ಕಪ್ಲಿಂಗ್ ಎತ್ತರಕ್ಕೆ ಕತ್ತರಿಸಿದ ಮರದ ತುಂಡು ನಿಲ್ಲಿಸಿ. ಜಾಕಿ ವೀಲ್ ನೆಲ ಬಿಡುವ ತನಕ ಇಳಿಸಿದರೆ ತಕ್ಕಡಿ ಹೇಳುತ್ತೆ. ಹಲಗೆ ಮತ್ತು ತುಂಡಿನ ತೂಕ ಕಳೆಯಿರಿ. ತಕ್ಕಡಿ ಎಷ್ಟು ತಡೆಯುತ್ತೆ ಅಂತ ಮೊದಲೇ ನೋಡಿಕೊಳ್ಳಿ.

ನೀರಿನ ಟ್ಯಾಂಕ್ ಖಾಲಿ ಮಾಡೋದು ಮರೀಬೇಡಿ. ಲೀಟರಿಗೆ ಒಂದು ಕೆಜಿ.

ಜೋಡಿ ಆಕ್ಸಲ್
ನಮ್ಮದು ಎರಡು ಆಕ್ಸಲ್, 1800 ಕೆಜಿ. ಡಾಲಿಯಲ್ಲಿ ನೇರಕ್ಕೆ ಹೋಗುತ್ತೆ, ತಿರುಗಿಸೋಕೆ ಹೋದರೆ ಅಲ್ಲಾಡಲ್ಲ. ಏನು ಮಾಡೋದು?

ಬೋಲ್ಟ್ ನಟ್
ಎರಡು ಆಕ್ಸಲ್ ಇದ್ದರೆ ತಿರುಗುವಾಗ ನಾಲ್ಕೂ ಟೈರು ಪಕ್ಕಕ್ಕೆ ಉಜ್ಜಿಕೊಂಡು ಹೋಗಬೇಕು. ಅದಕ್ಕೇ ಆ ಬಿಗಿ. ಜಾಕಿಯಿಂದ ಮೂತಿಯನ್ನು ಚೆನ್ನಾಗಿ ಮೇಲೆತ್ತಿದರೆ ಭಾರ ಹೆಚ್ಚಾಗಿ ಹಿಂದಿನ ಆಕ್ಸಲ್‌ಗೆ ಹೋಗಿ ಮುಂದಿನ ಚಕ್ರ ಹಗುರ ಆಗುತ್ತೆ. ಡಾಲಿಯ ಬಾಲ್ ಎತ್ತರ ಹೊಂದಿಸೋಕೆ ಬರೋ ಹಾಗಿದ್ದರೆ ಅದನ್ನೂ ಎತ್ತರಕ್ಕೆ ಇಡಿ. ಸ್ವಲ್ಪ ದೂರಕ್ಕೆ, ನಿಧಾನಕ್ಕೆ ಮಾತ್ರ ಇದು. ನಿಂತಲ್ಲೇ ತಿರುಗಿಸಬೇಡಿ, ಉರುಳುತ್ತಾ ಇರುವಾಗ ಒಂದೊಂದೇ ಚೂರು ತಿರುಗಿಸಿ.

ಆದರೆ 1800 ಕೆಜಿಗೆ ಕೈ ಡಾಲಿ ಬೇಡ ಅಂತಲೇ ನನ್ನ ಅಭಿಪ್ರಾಯ. ಬ್ಯಾಟರಿ ಡಾಲಿ ಅಥವಾ ಗಾಡಿಯ ಚಕ್ರಕ್ಕೆ ಮೋಟಾರಿನ ರೋಲರ್ ಒತ್ತಿ ಉರುಳಿಸುವ ಮೂವರ್ ನೋಡಿ. ಡ್ರಿಲ್ ಸಿಕ್ಕಿಸಿ ಗೇರಿನಿಂದ ಓಡಿಸುವ ಡಾಲಿಗಳೂ ಇವೆ. ಅದು ಆಮೆ ವೇಗ, ಆದರೆ ಬೆನ್ನಿಗೆ ಕೆಲಸ ಇಲ್ಲ.

ಜೋಡಿ ಆಕ್ಸಲ್
ಬ್ಯಾಟರಿ ಡಾಲಿಯವರು 2500 ಕೆಜಿ ಎಳೆಯುತ್ತೆ ಅಂತ ಬರೆದಿರ್ತಾರೆ. ನಂಬಬಹುದಾ?

ರಸಮಟ್ಟ
ಸಮ ನೆಲದಲ್ಲಿ ನಂಬಬಹುದು. ಆದರೆ ಡಾಲಿ ಎಳೆಯೋದು ತನ್ನ ಟೈರಿನ ಹಿಡಿತದಿಂದ. ಆ ಹಿಡಿತ ಬರೋದು ಮೂತಿ ಭಾರ ಮತ್ತು ಡಾಲಿಯ ಸ್ವಂತ ತೂಕದಿಂದ. ಎರಡೂ ಸೇರಿ 130 ಕೆಜಿ ಅಂತ ಇಟ್ಟುಕೊಳ್ಳಿ. ಒಣ ಕಾಂಕ್ರೀಟಿನಲ್ಲಿ ಹಿಡಿತ ಆ ಭಾರದ ನೂರಕ್ಕೆ 60-80 ಭಾಗ ಅಂದರೂ 80-100 ಕೆಜಿಗಿಂತ ಜಾಸ್ತಿ ಎಳೆಯೋಕೆ ಆಗಲ್ಲ, ಮೋಟಾರು ಎಷ್ಟೇ ದೊಡ್ಡದಿರಲಿ. ಒದ್ದೆ ಹುಲ್ಲಿನಲ್ಲಿ ಅದರ ಚಕ್ರ ನಿಂತಲ್ಲೇ ಸುತ್ತುತ್ತಾ ಇರುತ್ತೆ. ಬುಲ್ಡೋಜರ್ ಥರ ಪಟ್ಟಿ ಸುತ್ತುವ ಚಕ್ರದ್ದಾದರೆ ಮೆತ್ತಗಿನ ನೆಲದಲ್ಲಿ ಸ್ವಲ್ಪ ವಾಸಿ.

ಚಕ್ರಕ್ಕೆ ಒತ್ತುವ ಮೂವರ್‌ಗೆ ಈ ತೊಂದರೆ ಕಮ್ಮಿ. ಗಾಡಿಯ ಪೂರ್ತಿ ಭಾರ ಅದೇ ಚಕ್ರದ ಮೇಲೆ ಇರುತ್ತಲ್ಲ. ಆದರೆ ಒಂದು ಆಕ್ಸಲ್‌ನದ್ದೇ ಸುಮಾರು 30 ಕೆಜಿ ಇರುತ್ತೆ, ಬ್ಯಾಟರಿ ಬೇರೆ. ಅಷ್ಟು ಸಾಮಾನು ಕಮ್ಮಿ ಒಯ್ಯಬೇಕು.

ಗ್ಯಾರೇಜ್ ಅಕ್ಕ
ಬ್ರೇಕಿನ ಬಗ್ಗೆ ಯಾರೂ ಹೇಳಲಿಲ್ಲ. ಕ್ಯಾರವಾನ್‌ನ ಸ್ವಂತ ಹ್ಯಾಂಡ್‌ಬ್ರೇಕೇ ನಿಮ್ಮ ಬ್ರೇಕು, ಕೈ ಡಾಲಿಗೆ ಸಾಮಾನ್ಯವಾಗಿ ಬ್ರೇಕ್ ಇರಲ್ಲ. ಇಬ್ಬರಲ್ಲಿ ಒಬ್ಬರ ಕೈ ಹ್ಯಾಂಡ್‌ಬ್ರೇಕ್ ಹತ್ತಿರವೇ ಇರಬೇಕು.

ಕಾರು ನಿಧಾನಿಸಿದಾಗ ಮೂತಿ ಒತ್ತಿಕೊಂಡು ಹಿಡಿಯುವ ಓವರ್‌ರನ್ ಬ್ರೇಕ್ ಇದ್ದರೆ ಒಂದು ವಿಷಯ ತಿಳಿದಿರಲಿ. ರಿವರ್ಸ್ ಹೋಗುವಾಗ ಬ್ರೇಕ್ ತಾನಾಗೇ ಸಡಿಲ ಆಗೋ ಹಾಗೆ ಅದರಲ್ಲಿ ಏರ್ಪಾಡು ಇರುತ್ತದೆ. ಅದೇ ಕಾರಣಕ್ಕೆ ಗಾಡಿ ಹಿಂದಕ್ಕೆ ಉರುಳುವಾಗ ಹ್ಯಾಂಡ್‌ಬ್ರೇಕ್ ತಕ್ಷಣ ಕಚ್ಚಲ್ಲ. ಸ್ವಲ್ಪ ದೂರ ಉರುಳಿದ ಮೇಲೆ ಕಚ್ಚುತ್ತದೆ. ಆ ಸ್ವಲ್ಪದರಲ್ಲೇ ಗೋಡೆ ಇರಬಹುದು. ಲಿವರ್ ಪೂರ್ತಿ ಮೇಲೆ ಎಳೆಯಬೇಕು, ಅರ್ಧಕ್ಕೆ ಬಿಡಬಾರದು. ನಿಲ್ಲಿಸಿದ ಮೇಲೆ ಗಾಡಿಯನ್ನು ಹಿಂದಕ್ಕೆ ಒಂದು ಸಲ ಒತ್ತಿ, ಕಚ್ಚಿತಾ ಅಂತ ನೋಡಿ ಬೆಣೆ ಕೊಡಿ.

ಎಲೆಕ್ಟ್ರಿಕ್ ಬ್ರೇಕ್ ಇರುವ ಟ್ರೇಲರ್‌ಗಳಲ್ಲಿ ಬೇರೆ ಥರದ ಪೇಚು. ಟ್ರೇಲರ್ ಕಾರಿನಿಂದ ಕಿತ್ತುಕೊಂಡರೆ ಬ್ರೇಕ್ ಹಾಕೋಕೆ ಅಂತ ಒಂದು ತಂತಿ, ಪಿನ್ ಇರುತ್ತೆ. ಆ ತಂತಿ ಡಾಲಿಗೆ ಸಿಕ್ಕಿಕೊಂಡು ಪಿನ್ ಹೊರಗೆ ಬಂದರೆ ಬ್ರೇಕ್ ಬಿಗಿದುಬಿಡುತ್ತೆ. ಆಮೇಲೆ ನಾಲ್ಕು ಜನ ಸೇರಿ ತಳ್ಳಿದರೂ ಗಾಡಿ ಅಲುಗಲ್ಲ, ಡಾಲಿ ಸರಿ ಇಲ್ಲ ಅಂತ ಬೈಯೋದು. ಮೊದಲು ಪಿನ್ ನೋಡಿ.

ಸುಮ್ನೆ ಓದುಗ
ಅಕ್ಕ, ಚಕ್ರದ ಕೆಳಗೆ ಇಡುವ ಚಿಕ್ಕ ಚಿಕ್ಕ ಗಾಲಿ ತಟ್ಟೆ ಬರುತ್ತಲ್ಲ, ಅದರ ಮೇಲೆ ಕೂರಿಸಿದರೆ ಪಕ್ಕಕ್ಕೇ ಜಾರಿಸಬಹುದಂತೆ?

ಗ್ಯಾರೇಜ್ ಅಕ್ಕ
ಜಾರಿಸಬಹುದು. ಗ್ಯಾರೇಜಿನ ನುಣುಪು ನೆಲದಲ್ಲಿ ಬಲು ಚೆನ್ನ. ಆದರೆ ಎರಡೂ ಚಕ್ರ ತಟ್ಟೆ ಮೇಲೆ ಕೂತ ಮೇಲೆ ನಿಮ್ಮ ಹ್ಯಾಂಡ್‌ಬ್ರೇಕಿಗೆ ಯಾವ ಅರ್ಥವೂ ಇಲ್ಲ. ಚಕ್ರ ಬಿಗಿದಿದ್ದರೂ ತಟ್ಟೆ ಉರುಳುತ್ತೆ. ಹೊರಗಡೆ ಅದನ್ನು ಮುಟ್ಟಬೇಡಿ.

ರಸಮಟ್ಟ
ಮೂಲ ಪ್ರಶ್ನೆಗೆ ಬರೋಣ. ಹಿತ್ತಲ ಕ್ಯಾರವಾನ್ ಅವರೇ, ಗೇಟು ದಾಟಿದ ಮೇಲೆ ಸಮ ಕಾಂಕ್ರೀಟ್ ಎಷ್ಟು ಉದ್ದ ಇದೆ? ನಿಮ್ಮ ಕ್ಯಾರವಾನ್ ಕಪ್ಲಿಂಗ್ ಸೇರಿ ಎಷ್ಟು ಉದ್ದ?

ಹಿತ್ತಲ ಕ್ಯಾರವಾನ್
ಕಾಂಕ್ರೀಟ್ 8 ಮೀಟರ್. ಕ್ಯಾರವಾನ್ ಕಪ್ಲಿಂಗ್ ಸೇರಿ 6 ಮೀಟರಿಗಿಂತ ಸ್ವಲ್ಪ ಕಮ್ಮಿ. ಅಗಲಕ್ಕೆ ಬೇಕಾದಷ್ಟು ಜಾಗ ಇದೆ.

ರಸಮಟ್ಟ
ಹಾಗಿದ್ದರೆ ಗೇಟಿನ ಏರನ್ನು ಕೈಯಲ್ಲಿ ಹತ್ತಿಸೋದೇ ಬೇಡ. ಕಾರಿನಿಂದಲೇ ರಿವರ್ಸ್ ತಳ್ಳಿ, ಕ್ಯಾರವಾನ್ ಪೂರ್ತಿ ಸಮ ನೆಲಕ್ಕೆ ಬಂದ ಮೇಲೆ ಬಿಚ್ಚಿ. ಕಾರು ವಾಟದ ಮೇಲೆ ಇದ್ದರೆ ಇರಲಿ, ಅದಕ್ಕೆ ಬ್ರೇಕ್ ಇದೆ. ಬಿಚ್ಚುವ ಮೊದಲು ಹ್ಯಾಂಡ್‌ಬ್ರೇಕ್, ಎರಡೂ ಚಕ್ರಕ್ಕೆ ಎರಡೂ ಬದಿ ಬೆಣೆ. ಕಾರು ಹೊರಗೆ ಹೋದ ಮೇಲೆ ಡಾಲಿ ತನ್ನಿ. ಹೊರಗೆ ತರುವಾಗಲೂ ಇದೇ, ಉಲ್ಟಾ ಕ್ರಮದಲ್ಲಿ.

ಉಳಿದದ್ದು ತಿರುವು. ಡಾಲಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ತಿರುವಿನ ಒಳಬದಿಯ ಚಕ್ರಕ್ಕೆ ಹಿಂದೆ ಮುಂದೆ ಬೆಣೆ ಕೊಡಿ. ಹ್ಯಾಂಡ್‌ಬ್ರೇಕ್ ಬಿಡಿ. ಈಗ ಡಾಲಿಯನ್ನು ಪಕ್ಕಕ್ಕೆ ನಡೆಸಿಕೊಂಡು ಹೋಗಿ. ಬೆಣೆ ಕೊಟ್ಟ ಚಕ್ರ ಅಲ್ಲೇ ಇರುತ್ತೆ, ಇನ್ನೊಂದು ಚಕ್ರ ಅದರ ಸುತ್ತ ಬರುತ್ತೆ. ಎರಡು ಚಕ್ರದ ನಡುವೆ ಎರಡು ಮೀಟರ್, ಮೂತಿಗೆ ನಾಲ್ಕು ಮೀಟರ್ ಹತ್ತಿರ. ಸನ್ನೆಗೋಲಿನ ಲೆಕ್ಕದಲ್ಲಿ ನಿಮ್ಮ ಬಲ ಎರಡು ಪಟ್ಟಾಗುತ್ತದೆ, ಉರುಳಬೇಕಾದ್ದೂ ಒಂದೇ ಚಕ್ರ. ನೇರ ತಳ್ಳೋದಕ್ಕಿಂತ ಇದು ಹಗುರ ಅನ್ನಿಸುತ್ತೆ, ನೋಡಿ ಬೇಕಾದರೆ.

ಮೂತಿ ಎಡಕ್ಕೆ ಹೋದರೆ ಬಾಲ ಬಲಕ್ಕೆ ಬರುತ್ತೆ ಅನ್ನೋದು ನೆನಪಿರಲಿ. ಅಕ್ಕ ಹೇಳಿದ ಹಾಗೆ ಒಬ್ಬರು ಹಿಂದಿನ ಮೂಲೆ ನೋಡ್ತಾ ಇರಲಿ.

ಗಾಲಿ ಗೆಳೆಯ
ಕಾರಲ್ಲಿ ಹತ್ತಿಸಿ ಮೇಲೆ ಬಿಚ್ಚೋದು... ಇಷ್ಟು ಹೊತ್ತು ನಮಗ್ಯಾರಿಗೂ ಹೊಳೀಲಿಲ್ವಲ್ಲ! ಜಲ್ಲಿಗೆ ಏನು ಮಾಡೋದು?

ಬೋಲ್ಟ್ ನಟ್
ಪ್ಲೈವುಡ್ ಪಟ್ಟಿ ಹಾಸಿ. 18 ಎಂ.ಎಂ. ದಪ್ಪದ್ದು. ಡಾಲಿಯ ಕೆಳಗಲ್ಲ, ಕ್ಯಾರವಾನ್ ಚಕ್ರದ ಕೆಳಗೆ. ಭಾರದ ಬಹುಪಾಲು ಇರೋದು ಅಲ್ಲೇ, ಸಾವಿರಕ್ಕೂ ಮೇಲೆ. ಡಾಲಿಗೆ ಬರೋದು ನೂರರೊಳಗೆ, ಅದರ ಗಾಳಿ ಟೈರು ಜಲ್ಲಿಯಲ್ಲಿ ಹೇಗೋ ಬರುತ್ತೆ. ಎರಡೆರಡು ಪಟ್ಟಿ ಇದ್ದರೆ ದಾಟಿದ್ದನ್ನು ತೆಗೆದು ಮುಂದಕ್ಕೆ ಹಾಕ್ತಾ ಹೋಗಬಹುದು. ಪಟ್ಟಿ ತೆಗೆಯುವಾಗ ಪ್ರತಿ ಸಲ ಬೆಣೆ.

ಡಾಲಿ ಟೈರಿನ ಗಾಳಿ ನೋಡೋದು ಮರೀಬೇಡಿ. ಮೂಲೆಯಲ್ಲಿ ನಿಂತು ನಿಂತು ಗಾಳಿ ಇಳಿದಿರುತ್ತೆ. ಗಾಳಿ ಕಮ್ಮಿ ಇದ್ದು ತಿರುವಿನಲ್ಲಿ ಪಕ್ಕಕ್ಕೆ ಎಳೆದರೆ ಟೈರು ರಿಮ್ಮಿನಿಂದ ಕಳಚುತ್ತೆ.

ಕೊಳ್ಳುವ ಮೊದಲು ಬಾಲ್ ಅಳತೆಯನ್ನೂ ನೋಡಿ. ಕಪ್ಲಿಂಗ್ ಮೇಲೆ 50 ಎಂ.ಎಂ. ಅಂತ ಇದ್ದರೆ ಡಾಲಿಯ ಬಾಲ್ ಕೂಡ 50 ಇರಬೇಕು. 2 ಇಂಚಿನ ಬಾಲ್ ಅಂದರೆ 50.8. ಮುಕ್ಕಾಲು ಎಂ.ಎಂ. ವ್ಯತ್ಯಾಸ ಅಂತ ಬಿಡೋ ಹಾಗಿಲ್ಲ. 50ರ ಕಪ್ಲಿಂಗ್ ಅದರ ಮೇಲೆ ಸರಿಯಾಗಿ ಲಾಕ್ ಆಗದೇ ಇರಬಹುದು. ಉಲ್ಟಾ ಆದರೆ ಲಾಕ್ ಆದ ಹಾಗೆ ಕಾಣುತ್ತೆ, ಒಳಗೆ ಸಡಿಲ.

ಹಿತ್ತಲ ಕ್ಯಾರವಾನ್
ಡಾಲಿ ತಂದೆ. 50ರ ಬಾಲ್ ಇರೋದೇ. ನಿನ್ನೆ ಬೆಳಿಗ್ಗೆ ಕ್ಯಾರವಾನ್ ಸಂದಿಗೆ ಹೋಯಿತು. ಕಾರಿನಿಂದ ಹತ್ತಿಸಿ, ಮೇಲೆ ಬಿಚ್ಚಿ, ಒಳಬದಿ ಚಕ್ರಕ್ಕೆ ಬೆಣೆ ಕೊಟ್ಟು ತಿರುಗಿಸಿದೆವು. ತಿರುವು ನಿಜವಾಗ್ಲೂ ಹಗುರ. ನಾನು ಒಂದೇ ಕೈಯಲ್ಲಿ ಹಿಡಿ ಹಿಡಿದುಕೊಂಡು ಪಕ್ಕಕ್ಕೆ ನಡೆದೆ ಅಂದರೆ ನಂಬಲ್ಲ. ಬೆಣೆ ಕೊಟ್ಟ ಟೈರು ಕಾಂಕ್ರೀಟಿನ ಮೇಲೆ ಕಿರ್ರ್ ಅಂತ ಸದ್ದು ಮಾಡಿತು, ಕಪ್ಪು ಗುರುತು ಬಿದ್ದಿದೆ. ಜಲ್ಲಿಯಲ್ಲಿ ಮಾತ್ರ ಬೆವರು ಇಳಿಯಿತು. ಒಂದು ಕಡೆ ಪ್ಲೈವುಡ್ ತುದಿಯಲ್ಲಿ ಚಕ್ರ ಒತ್ತಿದಾಗ ಇನ್ನೊಂದು ತುದಿ ಎದ್ದು ನಿಂತಿತು. ಮುಂದಿನ ಸಲಕ್ಕೆ ಪಟ್ಟಿಗಳನ್ನು ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಹಾಸಬೇಕು.

ಕೊನೆಗೆ ಒಂದು ಡೌಟು. ಡಾಲಿಯನ್ನು ಮೂತಿಯ ಕೆಳಗೇ ಬಿಟ್ಟಿದ್ದೇನೆ. ಮತ್ತೆ ತೆಗೆಯುವ ತನಕ ಹಾಗೇ ಇರಲಿ ಅಲ್ವಾ?

ಬೋಲ್ಟ್ ನಟ್
ಬೇಡ. ಜಾಕಿ ವೀಲ್ ಇಳಿಸಿ ಅದರ ಕೆಳಗೆ ಒಂದು ಹಲಗೆ ತುಂಡು ಕೊಡಿ, ಡಾಲಿ ಬಿಚ್ಚಿ ತೆಗೆದಿಡಿ. ಆಮೇಲೆ ಮೂಲೆಯ ಆನಿಕೆ ಕಾಲುಗಳನ್ನು ನೆಲಕ್ಕೆ ತಾಗಿಸಿ. ತಾಗಿಸೋದು ಅಷ್ಟೇ, ಅವುಗಳಿಂದ ಗಾಡಿ ಎತ್ತೋಕೆ ಹೋಗಬೇಡಿ. ಡಾಲಿ ಕೆಳಗೇ ಇದ್ದರೆ ಅದರ ಟೈರಿನ ಗಾಳಿ ಇಳಿಯುತ್ತಾ ಹೋದ ಹಾಗೆ ಮೂತಿಯೂ ಇಳಿಯುತ್ತೆ. ಸಿದ್ಧವಾಗಿರುವ ಡಾಲಿ ಇದೆ ಅಂತ ಬೇರೆಯವರು ಎಳೆದುಕೊಂಡು ಹೋಗೋಕೂ ಸುಲಭ. ಕಪ್ಲಿಂಗ್‌ಗೆ ಬೀಗ ಹಾಕಿಬಿಡಿ.

ಹಿತ್ತಲ ಕ್ಯಾರವಾನ್
ಸರಿ ಸರ್, ಸಂಜೆಯೇ ತೆಗೆದಿಡ್ತೀನಿ. ಹೊರಡುವ ಮೊದಲು ಆನಿಕೆ ಕಾಲು ಎತ್ತೋದನ್ನು ಹ್ಯಾಂಡ್‌ಬ್ರೇಕ್ ಮೇಲೆ ಚೀಟಿ ಅಂಟಿಸಿ ಬರೆದಿಡ್ತೀನಿ.